ಎದುರು ಪಕ್ಷದವನಿಗೂ ಒಂದು ಚಪ್ಪಾಳೆ

ಶಾಲೆಯ ಸ್ಮರಣಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ಹಳೆಯ ವಿದ್ಯಾರ್ಥಿನಿಯಾದವಳು ತನ್ನ ಉಪಾಧ್ಯಾಯಿನಿಯರನ್ನೂ ಜೊತೆಗಾತಿಯರನ್ನೂ ಅಂಗಳದ ಮರದ ನೆರಳನ್ನೂ ನೆನೆದು ಬರೆಯುವುದು ವಾಡಿಕೆ. ನಾನು ಕಾಲ್ಚೆಂಡಿನ ಆಟವನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ನಾನು ಹೇಳಬೇಕೆಂದಿರುವ ಸಂಗತಿಯು ಆಟದ ಮೈದಾನಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಶಾಲೆಗೂ ಮನೆಗಳಿಗೂ ಸೇರಿದುದು. ನಮ್ಮ ಪಕ್ಷವನ್ನು ಸೋಲಿಸುತ್ತಿರುವವನ ಗುಣವನ್ನು ನಾವು ಮೆಚ್ಚಬಹುದೆ? ಮೆಚ್ಚಿದರೆ ಅದು ನಮ್ಮವರಿಗೆ ಮಾಡಿದ ದ್ರೋಹವಾಗುವುದೆ? ಈ ಪ್ರಶ್ನೆಯನ್ನು ಲೋಕದ ಕಾಲ್ಚೆಂಡಿನ ಪ್ರೇಕ್ಷಕರು ಹಲವು ಸಲ ಎದುರಿಸಿರುವರು. ಅವರ ಉತ್ತರದಿಂದ ನಾವು ಕಲಿಯಬೇಕಾದುದು ಉಂಟು.

ಸ್ಪೇಯಿನ್ ದೇಶದ ಎರಡು ದೊಡ್ಡ ಸಂಘಗಳು ಮ್ಯಾಡ್ರಿಡ್ ನಗರದ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಗರದ ಬಾರ್ಸಿಲೋನಾ ಸಂಘ. ಇವುಗಳ ಪೈಪೋಟಿಯು ಬರಿಯ ಆಟದ ಪೈಪೋಟಿಯಲ್ಲ. ಮ್ಯಾಡ್ರಿಡ್ ರಾಜಧಾನಿ, ಬಾರ್ಸಿಲೋನಾ ಕತಲಾನ್ ಭಾಷೆಯನ್ನಾಡುವ ನಾಡಿನ ಮುಖ್ಯ ಪಟ್ಟಣ. 1936ರಿಂದ 1939ರ ವರೆಗೆ ನಡೆದ ಅಂತರ್ಯುದ್ಧದ ತರುವಾಯ, 1975ರಲ್ಲಿ ಸರ್ವಾಧಿಕಾರಿಯಾದ ಫ್ರಾಂಕೋ ತೀರಿಕೊಳ್ಳುವ ತನಕ, ಆ ಭಾಷೆಗೆ ಸಾರ್ವಜನಿಕ ಜೀವನದಲ್ಲಿ ಸಲ್ಲತಕ್ಕ ಸ್ಥಾನವು ದೊರೆಯಲಿಲ್ಲ. ತಾಯಿನುಡಿಯ ಮೇಲಿನ ಅಭಿಮಾನವೆಂದರೇನೆಂದು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂತಹ ನೋವು ಬೆನ್ನಿಗಿರುವಾಗ ಈ ಎರಡು ತಂಡಗಳ ಆಟದಲ್ಲಿ ಸೋತವರ ಮನಸ್ಸು ಎಷ್ಟು ಕಹಿಯಾಗುವುದೆಂಬುದನ್ನು ಊಹಿಸಿಕೊಳ್ಳಬಹುದು.

ಹೀಗಿದ್ದರೂ 2005ನೆಯ ಇಸವಿ ನವೆಂಬರ್ 19ರಂದು ಮ್ಯಾಡ್ರಿಡ್ಡಿನ ಬೆರ್ನಬೇವು ಕ್ರೀಡಾಂಗಣದಲ್ಲಿ ಒಂದು ಅಪೂರ್ವ ದೃಶ್ಯವು ಕಂಡುಬಂದಿತು. ಆ ದಿನ ಬಾರ್ಸಿಲೋನಾ ತಂಡವು ಮೂರು ಗೋಲುಗಳಿಂದ ಗೆದ್ದಿತು. ಮ್ಯಾಡ್ರಿಡ್ಡಿನವರಿಗೆ ಒಂದು ಗೋಲೂ ದೊರೆಯಲಿಲ್ಲ. ಮೂರರಲ್ಲಿ ಎರಡನ್ನು ಬ್ರೆಜಿಲ್ ದೇಶದ ರೊನಾಲ್ಡಿನ್ಯೋ ಎಂಬವನು ಹೊಡೆದನು. ಎಡಗಡೆಯಿಂದ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಓಡಿಬಂದು, ಅಡ್ಡಬಂದವರನ್ನು ತಪ್ಪಿಸಿ ಚೆಂಡನ್ನು ಬಲೆಗೆ ಸೇರಿಸಿದನು; ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡಿದನು. ಆಗ ಮ್ಯಾಡ್ರಿಡ್ಡಿನ ಪ್ರೇಕ್ಷಕರು, ಹಿರಿಯರೂ ಕಿರಿಯರೂ, ತಮ್ಮ ಪೀಠಗಳಿಂದ ಎದ್ದುನಿಂತು ತಮ್ಮನ್ನು ಸೋಲಿಸಿದವನಿಗೆ ಚಪ್ಪಾಳೆ ತಟ್ಟಿದರು.

ಇದು ಮೊದಲನೆಯ ಸಲವೂ ಅಲ್ಲ. 1983ನೆಯ ಇಸವಿ ಜೂನ್ 26ರಂದು ಅದೇ ಅಂಗಣದಲ್ಲಿ ಬಾರ್ಸಿಲೋನಾ ಪಕ್ಷದಿಂದ ಆಡುತ್ತಿದ್ದ ಅರ್ಜೆಂಟೀನಾದ ಡೀಯೆಗೋ ಮರಡೋನಾ ಗೋಲುರಕ್ಷಕನನ್ನು ದಾಟಿ ಬರಿದಾದ ಗೋಲಿನ ಮುಂದೆ ನಿಂತನು. ಒಡನೆಯೇ ಹೊಡೆಯದೆ ಒಂದು ಕ್ಷಣ ಕಾದನು. ತಡೆಯಲು ಜಾರಿಬಂದ ಎದುರು ಪಕ್ಷದವನು ಗೋಲಿನ ಕಂಬಕ್ಕೆ ತಾಗಿದನು. ಚೆಂಡು ಮೆಲ್ಲನೆ ಒಳಗೆ ಹೋಯಿತು. ಅಂದೂ ಮ್ಯಾಡ್ರಿಡ್ಡಿನವರು ಮೆಚ್ಚಿ ಕರತಾಡನ ಮಾಡಿದರು. ಅದಕ್ಕಿಂತ ಮೂರು ವರ್ಷ ಮೊದಲು, 1980ನೆಯ ಫೆಬ್ರವರಿ 10ರಂದು, ಬಾರ್ಸಿಲೋನಾದವರು ತಮ್ಮ ಅಂಗಣದಲ್ಲಿ ಇಂತಹುದೇ ಔದಾರ್ಯವನ್ನು ತೋರಿದ್ದರು. ಆ ದಿನ ಮ್ಯಾಡ್ರಿಡ್ಡಿನ ಪರವಾಗಿ ಆಡಿದವನು ಲಾರಿ ಕನ್ನಿಂಗ್‌ಹ್ಯಾಮ್. ಜಮೈಕಾದಿಂದ ಬಂದ ತಂದೆತಾಯಿಗಳಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಕಪ್ಪು ತರುಣನು ತನ್ನ ಹುಟ್ಟಿದ ದೇಶದ ಮೈದಾನಗಳಲ್ಲಿಯೇ ಬಣ್ಣದ ಕಾರಣದಿಂದ ನಿಂದೆಯ ಮಾತುಗಳನ್ನು ಕೇಳಬೇಕಾಗಿದ್ದಿತು. ಆದರೆ ಪರದೇಶದಲ್ಲಿ, ಹಗೆಯ ಊರಿನಲ್ಲಿ, ಅವನ ಆಟಕ್ಕೆ ಮನ್ನಣೆ ಸಂದಿತು. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುವುದು.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಮೊದಲನೆಯದಾಗಿ, ಸೋತ ಪ್ರೇಕ್ಷಕರ ಚಪ್ಪಾಳೆಯು ಎದುರಾಳಿಯ ಮೇಲಿನ ಮೆಚ್ಚಿಕೆಯಲ್ಲ, ತಮ್ಮವರ ಮೇಲಿನ ಸಿಟ್ಟು ಎಂದು ಕೆಲವರು ಹೇಳುವರು. ಮಕ್ಕಳನ್ನು ಬೈಯುವುದಕ್ಕೋಸ್ಕರ ನೆರೆಮನೆಯ ಮಕ್ಕಳನ್ನು ಹೊಗಳುವ ತಾಯಿಯಂತೆ ಅವರು ವರ್ತಿಸಿದರೆಂಬುದು ಇವರ ವಾದ. 2005ರಲ್ಲಿ ಇದೂ ಸ್ವಲ್ಪ ಮಟ್ಟಿಗೆ ಬೆರೆತಿದ್ದಿರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಸಂದರ್ಭಗಳಿಗೂ ಈ ವಿವರಣೆಯು ಹೊಂದದು. 2003ನೆಯ ಏಪ್ರಿಲ್ 23ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಸ್ವಂತ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಮೂರಕ್ಕೆ ನಾಲ್ಕು ಗೋಲುಗಳಿಂದ ಗೆದ್ದಿತು. ಆದರೂ ಮೊದಲನೆಯ ಆಟದ ಗೋಲುಗಳನ್ನು ಕೂಡಿಸಿದಾಗ ಐದಕ್ಕೆ ಆರಾಗಿ ಸ್ಪರ್ಧೆಯಿಂದ ಹೊರಬಿದ್ದಿತು. ಮ್ಯಾಡ್ರಿಡ್ಡಿನ ಆ ಮೂರು ಗೋಲುಗಳನ್ನೂ ಹೊಡೆದವನು ಬ್ರೆಜಿಲ್ಲಿನ ರೊನಾಲ್ಡೋ ಒಬ್ಬನೇ. ಆಟದ ನಡುವೆ ಅವನನ್ನು ಹೊರಗೆ ಕರೆದುಕೊಂಡಾಗ ಮ್ಯಾಂಚೆಸ್ಟರಿನ ಜನರು ಎದ್ದುನಿಂತು ಗೌರವಿಸಿದರು. ತಮ್ಮವರು ಎದೆಗೊಟ್ಟು ಆಡುತ್ತಿದ್ದಾಗ ಅವರ ಮೇಲೆ ಸಿಟ್ಟಿಗೆ ಕಾರಣವೆಲ್ಲಿ? ಅಲ್ಲಿ ಇದ್ದುದು ಶುದ್ಧವಾದ ಮೆಚ್ಚಿಕೆಯೇ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಬಲವಾದುದು. ಒಂದು ತಂಡವನ್ನು ಪ್ರೀತಿಸುವುದೆಂದರೆ ಪಕ್ಷವಹಿಸುವುದು. ಎಲ್ಲರನ್ನೂ ಸಮನಾಗಿ ಹೊಗಳುವವನಿಗೆ ಯಾವ ತಂಡವೂ ತನ್ನದಲ್ಲ ಎಂದು ಅವರು ಹೇಳುವರು. ನಿಜವೇ. ಆದರೆ ನಾನು ಹೇಳುತ್ತಿರುವುದು ಪಕ್ಷವಿಲ್ಲದವನ ಹೊಗಳಿಕೆಯನ್ನಲ್ಲ. ಪಕ್ಷವಿಲ್ಲದವನಿಗೆ ಹೊಗಳಲು ಏನೂ ವೆಚ್ಚವಿಲ್ಲ. ತನ್ನವರು ಗೆಲ್ಲಬೇಕೆಂದು ಹಗಲಿರುಳು ಹಂಬಲಿಸಿ, ಸೋಲಿನಿಂದ ನೊಂದು, ಆ ನೋವಿನ ನಡುವೆಯೇ ಎದುರಾಳಿಯ ಗುಣವನ್ನು ಒಪ್ಪಿಕೊಳ್ಳುವವನ ಚಪ್ಪಾಳೆಗೆ ಬೆಲೆಯುಂಟು.

ನಮ್ಮ ನುಡಿಯ ಆದಿಕವಿಯು ಈ ಮಾತಿಗೆ ಸಾಕ್ಷಿಯಾಗಿರುವನು. ಪಂಪನು ಕ್ರಿಸ್ತಶಕ 941ರ ಸುಮಾರಿಗೆ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ನಾಯಕನು ಅರ್ಜುನನು. ಆಶ್ರಯದಾತನಾದ ಅರಿಕೇಸರಿಯನ್ನು ಕವಿಯು ಅರ್ಜುನನೊಡನೆ ಒಂದಾಗಿಸಿ ಹಾಡಿದನು. ಅನ್ನವಿಕ್ಕಿದ ಒಡೆಯನ ಪಕ್ಷವು ಅದು. ಆದರೂ ಅರ್ಜುನನ ಬಾಣಕ್ಕೆ ಕರ್ಣನು ಬಿದ್ದಾಗ ಕವಿಯ ಮನಸ್ಸು ಕರ್ಣನ ಸತ್ಯ, ತ್ಯಾಗ, ಶೌರ್ಯಗಳಿಗೆ ಬಾಗಿತು. ಇದರಿಂದ ಅರ್ಜುನನ ಕೀರ್ತಿಯು ಕುಂದಿತೆಂದು ಸಾವಿರ ವರ್ಷಗಳಲ್ಲಿ ಯಾವ ಕನ್ನಡಿಗನೂ ದೂರಿದುದನ್ನು ನಾನು ಕೇಳಿಲ್ಲ. ಕ್ಷುದ್ರನನ್ನು ಗೆದ್ದವನು ಹೇಗೆ ವೀರನಾದಾನು? ಎದುರಾಳಿಯನ್ನು ಹೀನನೆಂದು ಸಾರುವವನು ತನ್ನ ಗೆಲುವನ್ನೂ ಹೀನಗೊಳಿಸುವನು. ಸೋತರಂತೂ ಹೀನನಿಗಿಂತ ತಾನೇ ಹೀನನೆಂದು ಒಪ್ಪಿದಂತಾಗುವುದು.

ಗುಣವನ್ನು ಮೆಚ್ಚದ ಅಭಿಮಾನವು ಯಾವ ದಾರಿಯನ್ನು ಹಿಡಿಯುವುದೆಂಬುದಕ್ಕೂ ಉದಾಹರಣೆಗಳುಂಟು. ಪೋರ್ಚುಗಲ್ಲಿನ ಲೂಯಿಸ್ ಫೀಗೋ ಎಂಬವನು ಬಾರ್ಸಿಲೋನಾದವರ ಕಣ್ಮಣಿಯಾಗಿದ್ದನು. 2000ನೆಯ ಇಸವಿಯಲ್ಲಿ ಅವನು ಮ್ಯಾಡ್ರಿಡ್ ತಂಡಕ್ಕೆ ಸೇರಿದನು. 2002ರ ನವೆಂಬರಿನಲ್ಲಿ ಅವನು ಬಾರ್ಸಿಲೋನಾದಲ್ಲಿ ಆಡಲು ಬಂದಾಗ ಪ್ರೇಕ್ಷಕರು ಸೀಸೆಗಳನ್ನೂ ಇತರ ವಸ್ತುಗಳನ್ನೂ, ಕೊನೆಗೆ ಹಂದಿಯ ತಲೆಯೊಂದನ್ನೂ ಮೈದಾನಕ್ಕೆ ಎಸೆದರು. ಆಟವನ್ನೇ ಕೆಲಹೊತ್ತು ನಿಲ್ಲಿಸಬೇಕಾಯಿತು. ಬಿಟ್ಟುಹೋದವನ ಮೇಲೆ ನೋವು ಸಹಜವೇ. ಆದರೆ ಅವರು ಮೊದಲು ಪ್ರೀತಿಸಿದುದು ಅವನ ಆಟವನ್ನೋ, ಅಥವಾ ಅವನು ತಮ್ಮವನೆಂಬ ಒಡೆತನವನ್ನೋ ಎಂಬ ಪ್ರಶ್ನೆಯು ಏಳದಿರದು. ಇದು ದೂರದ ದೇಶದ ಮಾತಾಯಿತು. ನಮ್ಮ ದೇಶದಲ್ಲಿಯೇ 1980ನೆಯ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಆಟವನ್ನು ನೋಡಲು ಹೋಗಿದ್ದವರ ಪೈಕಿ 16 ಮಂದಿ ಗಲಭೆಯಲ್ಲಿಯೂ ನೂಕುನುಗ್ಗಲಿನಲ್ಲಿಯೂ ಪ್ರಾಣ ಕಳೆದುಕೊಂಡರು. ಆಟ ನೋಡಿ ಬರುವೆನೆಂದು ಹೋದ ಮಗನನ್ನು ಎದುರುನೋಡಿದ ಆ ತಾಯಂದಿರನ್ನು ನೆನೆದರೆ, ಇದು ಹುಡುಗಾಟಿಕೆಯ ಚರ್ಚೆಯಲ್ಲವೆಂದು ಮನವರಿಕೆಯಾಗುವುದು.

ಎದುರಾಳಿಯನ್ನು ಮೆಚ್ಚುವುದೆಂದರೆ ಅವನ ತಪ್ಪನ್ನೂ ಮೆಚ್ಚುವುದೆಂದು ಯಾರೂ ತಿಳಿಯಬಾರದು. 1986ನೆಯ ಜೂನ್ 22ರಂದು ಮೆಕ್ಸಿಕೋ ನಗರದಲ್ಲಿ ಅರ್ಜೆಂಟೀನಾ ದೇಶದವರು ಇಂಗ್ಲೆಂಡಿನವರನ್ನು ಒಂದಕ್ಕೆ ಎರಡು ಗೋಲುಗಳಿಂದ ಸೋಲಿಸಿದರು. ಎರಡೂ ಮರಡೋನಾನವೇ. ಮೊದಲನೆಯದನ್ನು ಅವನು ಕೈಯಿಂದ ತಳ್ಳಿದನು, ಅದು ಮೋಸ. ನಾಲ್ಕು ನಿಮಿಷಗಳ ತರುವಾಯ ತನ್ನ ಅರ್ಧಭಾಗದಿಂದ ಹೊರಟು ಅಡ್ಡಬಂದವರನ್ನೆಲ್ಲ ದಾಟಿ ಹೊಡೆದ ಎರಡನೆಯದು ಈ ಆಟದ ಚರಿತ್ರೆಯಲ್ಲಿಯೇ ಅತಿ ಸುಂದರವೆಂದು ಹಲವರು ಎಣಿಸಿರುವ ಗೋಲು. ಆ ದಿನ ಇಂಗ್ಲೆಂಡಿನ ಪರವಾಗಿ ಆಡಿ ಅವರ ಒಂದೇ ಗೋಲನ್ನು ಹೊಡೆದ ಗ್ಯಾರಿ ಲಿನೇಕರ್ ಎಂಬವನು, ಆ ಎರಡನೆಯ ಗೋಲನ್ನು ಕಂಡಾಗ ತನಗೂ ಚಪ್ಪಾಳೆ ತಟ್ಟಬೇಕೆನಿಸಿತೆಂದು ಮುಂದೆ ಹೇಳಿದ್ದುಂಟು. ಮೋಸವನ್ನು ಮೋಸವೆಂದೂ ಗುಣವನ್ನು ಗುಣವೆಂದೂ ಹೇಳಲು ಬಲ್ಲವನೇ ನ್ಯಾಯವಂತನು. ಇವೆರಡರಲ್ಲಿ ಒಂದನ್ನು ಮಾತ್ರ ಕಾಣುವ ಕಣ್ಣು ಅರೆಗಣ್ಣು.

ಇನ್ನು ನನ್ನ ಸ್ವಂತ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನಾನು ಕೊನೆಯ ತರಗತಿಯಲ್ಲಿದ್ದಾಗ ಶಾಲೆಗಳ ನಡುವಣ ಥ್ರೋಬಾಲ್ ಪಂದ್ಯದಲ್ಲಿ ನಮ್ಮ ತಂಡವು ಕೊನೆಯ ಆಟದ ವರೆಗೆ ಹೋಗಿ ಸೋತಿತು. ಎದುರು ಶಾಲೆಯಲ್ಲಿ ಎರಡು ಜಡೆಯ ತೆಳ್ಳನೆಯ ಹುಡುಗಿಯೊಬ್ಬಳಿದ್ದಳು. ನಾವು ಎಲ್ಲಿಗೆ ಎಸೆದರೂ ಚೆಂಡು ಅವಳ ಕೈಗೇ ಸೇರುತ್ತಿದ್ದಿತು. ಅವಳು ಎಷ್ಟು ಚೆನ್ನಾಗಿ ಆಡಿದರೂ ಚಪ್ಪಾಳೆ ತಟ್ಟಬಾರದೆಂದು ನಾವು ಹುಡುಗಿಯರು ಮೊದಲೇ ಮಾತಾಡಿಕೊಂಡಿದ್ದೆವು. ಕೈಗಳನ್ನು ಲಂಗದ ಮಡಿಕೆಗಳಲ್ಲಿ ಅಡಗಿಸಿಕೊಂಡು ಕುಳಿತಿದ್ದೆವು. ನಮ್ಮ ಡ್ರಿಲ್ ಟೀಚರೊಬ್ಬರು ಮಾತ್ರ ಬೇಲಿಯ ಬಳಿ ನಿಂತು, ಅವಳು ಚೆಂಡನ್ನು ಹಿಡಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಹಿಂದಿರುಗುವಾಗ ಅವರೊಡನೆ ಒಬ್ಬಳೂ ಮಾತಾಡಲಿಲ್ಲ. ಅವರು ಸಹ ನಮಗೆ ಏನೂ ಉಪದೇಶ ಮಾಡಲಿಲ್ಲ. ಮರುದಿನ ಬೆಳಗ್ಗೆ ಎಂದಿನಂತೆ ಸೀಟಿ ಊದಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಆ ಪಂದ್ಯದ ಅಂಕಗಳನ್ನು ನಾನು ಮರೆತಿರುವೆನು. ಆ ಹುಡುಗಿಯ ಹಿಡಿತವನ್ನು ಮರೆತಿಲ್ಲ. ಆದರೆ ಅವಳ ಹೆಸರು ನನಗೆ ಗೊತ್ತಿಲ್ಲ. ಕೇಳಿಕೊಳ್ಳುವಷ್ಟು ದೊಡ್ಡ ಮನಸ್ಸು ಆ ದಿನ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈಗ ಹೆಣ್ಣುಮಕ್ಕಳ ಆಟಕ್ಕೆ ಒಳ್ಳೆಯ ಕಾಲ ಬಂದಿದೆ. 1921ರಲ್ಲಿ ಇಂಗ್ಲೆಂಡಿನ ಕಾಲ್ಚೆಂಡಿನ ಆಡಳಿತ ಸಂಘವು ತನಗೆ ಸೇರಿದ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ವಿಧಿಸಿದ್ದಿತು. 2022ನೆಯ ಮಾರ್ಚ್ 30ರಂದಾದರೋ, ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಮಹಿಳಾ ತಂಡಗಳ ಆಟವನ್ನು ನೋಡಲು ಬಾರ್ಸಿಲೋನಾದಲ್ಲಿ 91,553 ಮಂದಿ ನೆರೆದಿದ್ದರು. ನಮ್ಮ ಮಕ್ಕಳಿಗೂ ಆಡುವ ಅವಕಾಶಗಳು ಹೆಚ್ಚುತ್ತಿವೆ. ಗೆಲುವಿನ ಆಸೆಯೊಡನೆ ಗೆಲುವಿನ ಗರ್ವವನ್ನೂ ಸೋಲಿನ ಮತ್ಸರವನ್ನೂ ಅವರಿಗೆ ಕಲಿಸಬೇಕೆ, ಅಥವಾ ಗುಣಗ್ರಹಣವನ್ನು ಕಲಿಸಬೇಕೆ ಎಂಬುದು ನಮ್ಮ ಕೈಯಲ್ಲಿದೆ.

ಆದುದರಿಂದ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಕ್ರೀಡಾದಿನದಂದು ಹಗ್ಗದಾಚೆ ನಿಂತು ನಿಮ್ಮ ಮಗಳ ಹೆಸರನ್ನು ಕೂಗಿರಿ. ಅದು ನಿಮ್ಮ ಹಕ್ಕು. ಆದರೆ ಅವಳನ್ನು ಹಿಂದೆ ಹಾಕಿ ಗುರಿಮುಟ್ಟಿದ ಹುಡುಗಿಗೂ ಒಂದು ಚಪ್ಪಾಳೆ ಸಲ್ಲಲಿ. ತೀರ್ಪು ಕೊಟ್ಟವರನ್ನು ದೂರುತ್ತ ಮನೆಗೆ ಹೋಗಬೇಡಿರಿ. ಗೆದ್ದವಳ ಆಟದಲ್ಲಿ ಏನು ಸೊಗಸಿದ್ದಿತೆಂದು ಮಗಳನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ನಮ್ಮ ಶಾಲೆಯ ಮೇಲೆ ನಮಗಿರುವ ಅಭಿಮಾನವು ಇದರಿಂದ ಎಳ್ಳಷ್ಟೂ ಕಡಿಮೆಯಾಗದು. ಬೇಲಿಯ ಬಳಿ ಒಂಟಿಯಾಗಿ ಚಪ್ಪಾಳೆ ತಟ್ಟಿದ ಆ ಟೀಚರಿಗಿಂತ ಹೆಚ್ಚಾಗಿ ಈ ಶಾಲೆಯನ್ನು ಪ್ರೀತಿಸಿದವರನ್ನು ನಾನು ಕಂಡಿಲ್ಲ.