ಕಂಪ್ಯೂಟರ್ ಕೋಣೆಯ ಬೀಗ ತೆಗೀರಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಸರ್ಕಾರಿ ಹೈಸ್ಕೂಲಿಗೆ ಹೋಗಿ ಕಂಪ್ಯೂಟರ್ ಕೋಣೆ ತೋರಿಸಿ ಅಂತ ಕೇಳಿ ನೋಡಿ. ಎಷ್ಟೋ ಕಡೆ ಮೊದಲು ಬೀಗದ ಕೈ ಹುಡುಕಬೇಕು. ಒಳಗೆ ಧೂಳು ಹಿಡಿದ ಯಂತ್ರಗಳು. "ಹಳೇವು ಸರ್, ಸ್ಲೋ ಆಗ್ಯಾವ, ವೈರಸ್ ಬಂದದ" ಎಂಬ ಉತ್ತರ.

ಯಂತ್ರ ಸತ್ತಿಲ್ಲ. ಒಳಗಿನ ವಿಂಡೋಸ್ ಮುಪ್ಪಾಗಿದೆ, ಅಷ್ಟೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಹಣ ಕೊಟ್ಟೋ ನೋಂದಣಿ ಮಾಡಿಯೋ ಇನ್ನಷ್ಟು ದಿನ ಎಳೆಯಬಹುದು. ವಿಂಡೋಸ್ 11 ಹಾಕೋಣವೆಂದರೆ ಹಳೆ ಯಂತ್ರಗಳನ್ನು ಅದು ಒಪ್ಪುವುದಿಲ್ಲ. ಹಾಗಾದರೆ ಗುಜರಿಗೆ ಹಾಕಬೇಕೇ? ಬೇಡ. ಲಿನಕ್ಸ್ ಹಾಕಿ. ದುಡ್ಡು ಕೊಡಬೇಕಿಲ್ಲ, ಹತ್ತು ವರ್ಷ ಹಳೆಯ ಯಂತ್ರದಲ್ಲೂ ನಡೆಯುವ ಹಗುರ ಆವೃತ್ತಿಗಳಿವೆ.

ಲಿನಕ್ಸ್ ನಿಮಗೆ ಹೊಸದೇನಲ್ಲ. ನೀವು ಹಿಡಿದಿರುವ ಆಂಡ್ರಾಯ್ಡ್ ಫೋನಿನ ತಿರುಳೇ ಅದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಇಂದು ಇಂಟರ್ನೆಟ್ಟಿನ ಬಹುಪಾಲು ಸರ್ವರ್‌ಗಳು ಅದರ ಮೇಲೇ ನಡೆಯುತ್ತವೆ. ಹೀಗಿರುವಾಗ ಅದು ನಮ್ಮ ಮಕ್ಕಳಿಗೆ ಕಷ್ಟ ಅನ್ನುವುದು ಯಾವ ನ್ಯಾಯ?

ಕಷ್ಟವೋ ಸುಲಭವೋ, ಕಾಸರಗೋಡಿನ ಕನ್ನಡ ಶಾಲೆಗಳನ್ನು ಕೇಳಿ. ಕೇರಳದ ಸರ್ಕಾರಿ ಶಾಲೆಗಳು ಸುಮಾರು ಇಪ್ಪತ್ತು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ. ಅಲ್ಲಿನ 'ಕೈಟ್' ಸಂಸ್ಥೆ ಶಾಲೆಗಳಿಗೆಂದೇ ಅದನ್ನು ಸಿದ್ಧಪಡಿಸಿ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಅಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಕೇರಳದ ಕನ್ನಡಿಗ ಹುಡುಗಿಗೆ ಆಗುವುದು ಶಹಾಬಾದಿನ ಹುಡುಗಿಗೆ ಯಾಕೆ ಆಗದು?

ಈಗ ನೇರ ಮಾತು. ರಾಜ್ಯದ ಐಟಿ-ಬಿಟಿ ಸಚಿವರೂ ಗ್ರಾಮೀಣಾಭಿವೃದ್ಧಿ ಸಚಿವರೂ ಒಬ್ಬರೇ, ನಮ್ಮ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ. ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಅವರ ಇಲಾಖೆಯವೇ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಟೆಕ್ ಶೃಂಗಸಭೆಯಲ್ಲಿ ಕಿಯೋನಿಕ್ಸ್ 'ಕಿಯೋ' ಎಂಬ ಪುಟ್ಟ ಕಂಪ್ಯೂಟರ್ ಬಿಡುಗಡೆ ಮಾಡಿತು. ಬೆಲೆ 18,999 ರೂಪಾಯಿ, ಒಳಗಿರುವುದು ಲಿನಕ್ಸ್. ಅಂದರೆ ಸರ್ಕಾರವೇ ಈ ದಾರಿ ಸರಿ ಎಂದು ಒಪ್ಪಿದೆ. ಸಂತೋಷ. ಆದರೆ ಕಲಿಸುವವರಿಲ್ಲದಿದ್ದರೆ ಅದೂ ನಾಳೆ ಅದೇ ಬೀಗದೊಳಗೆ ಸೇರುತ್ತದೆ. ಕೇರಳ ಗೆದ್ದದ್ದು ಪೆಟ್ಟಿಗೆ ಕೊಂಡು ಅಲ್ಲ, ಮಾಸ್ತರರನ್ನು ತಯಾರು ಮಾಡಿ.

"ನುಡಿ ಇಲ್ಲದೆ ಟೈಪ್ ಹೆಂಗ ಮಾಡೋದು?" ಅಂತ ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನುಡಿಯ ಕೀಲಿಮಣೆ ಜೋಡಣೆ ಲಿನಕ್ಸ್‌ನಲ್ಲೂ ಇದೆ, ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ಹಳೆಯ ನುಡಿ ಕಡತಗಳನ್ನು ಮಾತ್ರ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅದು ತಲೆನೋವೇ, ಸುಳ್ಳು ಹೇಳುವುದಿಲ್ಲ.

ಲಿನಕ್ಸ್‌ಗೆ ಅಪಾಯವೇ ಇಲ್ಲ ಅನ್ನುವವರನ್ನೂ ನಂಬಬೇಡಿ. 2024ರ ಮಾರ್ಚ್‌ನಲ್ಲಿ ಲಿನಕ್ಸ್ ಜೊತೆ ಬರುವ 'ಎಕ್ಸ್‌ಝಡ್' ಎಂಬ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿ ಹಿಡಿದವರು ಆಂಡ್ರೆಸ್ ಫ್ರಾಯ್ಂಡ್, ಅವರು ಮೈಕ್ರೋಸಾಫ್ಟ್‌ನ ಎಂಜಿನಿಯರ್! ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಹೊರಗಿನವರೊಬ್ಬರು ಕೆದಕಲು ಸಾಧ್ಯವಾಯಿತು. ಇನ್ನೊಂದು ಕಡೆ 2017ರ 'ವನ್ನಾಕ್ರೈ' ನೋಡಿ. ವಿಂಡೋಸ್‌ನ ಆ ತೂತಿಗೆ ತೇಪೆ ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದವರ ಕಡತಗಳಿಗೆ ಬೀಗ ಬಿತ್ತು. ಕಳ್ಳ ವಿಂಡೋಸ್ ಹಾಕಿ, ಅಪ್‌ಡೇಟ್ ನಿಲ್ಲಿಸಿ, ಅದೇ ಯಂತ್ರದಲ್ಲಿ ಊರಿನವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಮಾಡಿಡುವ ಅಂಗಡಿಗಳು ಎಷ್ಟಿಲ್ಲ?

ವಾಡಿಯ ಸಿಮೆಂಟು, ಶಹಾಬಾದಿನ ಕಲ್ಲು, ನಮ್ಮ ಅಪ್ಪಂದಿರು ಕುಡಿದ ಧೂಳು ಸಾಕು. ಈ ಐದೂ ಊರುಗಳಲ್ಲಿ ತಲಾ ಒಂದು ಶಾಲೆ, ಒಂದು ಅರಿವು ಕೇಂದ್ರ ಆರಿಸಿ. ಹಳೆ ಯಂತ್ರಗಳನ್ನು ಹರಾಜಿಗೆ ಇಡುವ ಮೊದಲು ಲಿನಕ್ಸ್ ಹಾಕಿ, ಇಬ್ಬರು ಶಿಕ್ಷಕರನ್ನು ತಯಾರು ಮಾಡಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ನೀವೂ ಎದ್ದು ನಿಂತು ಕೇಳಿ: ಆ ಕೋಣೆಯ ಕೀಲಿ ಯಾರ ಹತ್ತಿರ ಇದೆ?