ಚಳಿಜ್ವರದ ಗುಳಿಗೆಗಳು

ಮಳೆಯು ಹಿಂದೆಗೆದು ಹೊಂಡ-ಹಳ್ಳಗಳಲ್ಲಿ ನೀರು ನಿಂತ ಕೂಡಲೆ ಚಳಿಜ್ವರದ ಮಾತು ಕೇಳಬರುವದು. ಸೊಳ್ಳೆಯ ಕುರಿತು ಶಾಲೆಗಳಲ್ಲಿ ಪಾಠ ಹೇಳುತ್ತಾರೆ, ಗೋಡೆಗಳ ಮೇಲೆ ಬರೆಯಿಸುತ್ತಾರೆ, ಅದು ಒಳ್ಳೆಯದೇ. ಆದರೆ ಜ್ವರವು ಬಂದ ಮೇಲೆ ಕೈಗೆ ಬರುವ ಗುಳಿಗೆಗಳನ್ನು ಹೇಗೆ ತೆಗೆದುಕೊಳ್ಳತಕ್ಕದ್ದೆಂಬ ವಿಷಯದಲ್ಲಿ ನಮ್ಮ ಸುಶಿಕ್ಷಿತರಿಗೂ ಸಾಕಷ್ಟು ತಿಳಿವಳಿಕೆಯಿಲ್ಲ. ಈ ವಾರ ಆ ಒಂದು ಸಂಗತಿಯನ್ನೇ ಓದುಗರ ಮುಂದಿಡಬೇಕೆಂದಿದ್ದೇವೆ.

ಈ ರೋಗದೊಡನೆ ನಮ್ಮ ನಾಡಿಗೆ ಹಳೆಯ ವ್ಯವಹಾರವಿದೆ. 1946ರ ಸುಮಾರಿಗೆ, ಆಗಿನ ಮುಂಬಯಿ ಪ್ರಾಂತದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿಯೇ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ, ರೋಗವನ್ನು ತಗ್ಗಿಸಬಹುದೆಂದು ತೋರಿಸಿಕೊಟ್ಟರು. 1947ರ ವೇಳೆಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರು ಈ ಜ್ವರದಿಂದ ನರಳುತ್ತಿದ್ದರು, ಎಂಟು ಲಕ್ಷ ಜನರು ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಯೋಜನೆಯು ಆರಂಭವಾಯಿತು. 1965ರ ಸುಮಾರಿಗೆ ರೋಗಿಗಳ ಎಣಿಕೆಯು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಮೈಮರೆತದ್ದೇ ತಡ, 1976ರಲ್ಲಿ ಅದು 64 ಲಕ್ಷವನ್ನು ಮುಟ್ಟಿತು. ಅರ್ಧಕ್ಕೆ ಬಿಟ್ಟ ಕೆಲಸವು ದೇಶಕ್ಕೆ ಮಾಡಿದ ಕೇಡನ್ನೇ ಅರ್ಧಕ್ಕೆ ಬಿಟ್ಟ ಗುಳಿಗೆಯು ಒಬ್ಬೊಬ್ಬ ರೋಗಿಗೂ ಮಾಡುತ್ತದೆ.

ಅದು ಹೇಗೆಂಬುದನ್ನು ತುಸು ಬಿಡಿಸಿ ಹೇಳುವೆವು. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿಯ ಮಲೇರಿಯಾ ಇವೆ: ವೈವಾಕ್ಸ್ ಮತ್ತು ಫಾಲ್ಸಿಪೇರಂ. ವೈವಾಕ್ಸಿನ ಕ್ರಿಮಿಯು ರಕ್ತದಲ್ಲಿ ಮಾತ್ರವಲ್ಲದೆ ಯಕೃತ್ತಿನಲ್ಲಿಯೂ ಅಡಗಿ ಮಲಗಿರುವದು. ಮೂರು ದಿನ ಕೊಡುವ ಕ್ಲೋರೋಕ್ವಿನ್ ಗುಳಿಗೆಯು ರಕ್ತದೊಳಗಿನ ಕ್ರಿಮಿಗಳನ್ನು ಕೊಲ್ಲುತ್ತದೆ, ಜ್ವರವು ಇಳಿಯುತ್ತದೆ, ರೋಗಿಯು ಎದ್ದು ಕಚೇರಿಗೆ ಹೋಗುತ್ತಾನೆ. ಆದರೆ ಯಕೃತ್ತಿನಲ್ಲಿ ಮಲಗಿರುವವುಗಳನ್ನು ಅದು ಮುಟ್ಟುವದಿಲ್ಲ. ಅವುಗಳಿಗಾಗಿಯೇ ಪ್ರಿಮಾಕ್ವಿನ್ ಎಂಬ ಇನ್ನೊಂದು ಗುಳಿಗೆಯನ್ನು 14 ದಿನಗಳವರೆಗೆ ಕೊಡುತ್ತಾರೆ. ಮೈ ಹಗುರಾದ ಮನುಷ್ಯನು ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಇದನ್ನು ಬಿಟ್ಟುಬಿಡುತ್ತಾನೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸ ಸೊಳ್ಳೆಯೊಂದೂ ಕಚ್ಚದಿದ್ದರೂ, ಅದೇ ನಡುಕ ಅದೇ ಜ್ವರ ಮರಳಿ ಬರುವದು. ನ್ಯಾಯಾಲಯದಲ್ಲಿ ದಾವೆಯನ್ನು ನಡುವೆ ಕೈಬಿಟ್ಟವನ ಎದುರಾಳಿಯು ಸುಮ್ಮನಿರುವನೇ? ಅಷ್ಟೇ ಅಲ್ಲ, ಹೀಗೆ ಮರಳಿ ಮಲಗಿದವನ ರಕ್ತವನ್ನು ಹೀರಿದ ಸೊಳ್ಳೆಯು ನೆರೆಮನೆಯ ಕೂಸಿಗೆ ರೋಗವನ್ನು ಮುಟ್ಟಿಸುತ್ತದೆ.

ಹಾಗೆಂದು ಪ್ರಿಮಾಕ್ವಿನ್ ಗುಳಿಗೆಯನ್ನು ಅಂಗಡಿಯಿಂದ ತಂದು ತಾನೇ ನುಂಗತಕ್ಕದ್ದೆಂದು ಯಾರೂ ತಿಳಿಯಬಾರದು. ಹುಟ್ಟಿನಿಂದಲೇ ಕೆಲವರ ರಕ್ತದಲ್ಲಿ ಜಿ-6-ಪಿ-ಡಿ ಎಂಬ ಒಂದು ದ್ರವ್ಯದ ಕೊರತೆಯಿರುವದು. ಅವರಿಗೆ ತಮ್ಮಲ್ಲಿ ಇಂಥ ಕೊರತೆಯಿರುವ ಸುಳಿವೂ ಇರುವದಿಲ್ಲ. ಅಂಥವರು ಈ ಗುಳಿಗೆಯನ್ನು ತೆಗೆದುಕೊಂಡರೆ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಮೂತ್ರವು ಕಪ್ಪುಕಾಫಿಯ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಏದುಸಿರು ಬಂದರೆ, ಗುಳಿಗೆಯನ್ನು ಆ ಕ್ಷಣವೇ ನಿಲ್ಲಿಸಿ ದವಾಖಾನೆಗೆ ಧಾವಿಸಬೇಕು. ಇಲ್ಲಿ ಒಂದು ರಾತ್ರಿ ಕಾಯುವದೂ ಸಲ್ಲದು. ಗರ್ಭಿಣಿಯರಿಗೂ ವರ್ಷ ತುಂಬದ ಮಕ್ಕಳಿಗೂ ಈ ಗುಳಿಗೆಯನ್ನು ಕೊಡುವದಿಲ್ಲ. ಎಳೆಗೂಸಿಗೆ ಹಾಲೂಡುವ ತಾಯಿಯು ಆ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಬಸುರಿಯೆಂಬ ಕಾರಣದಿಂದ ಚಿಕಿತ್ಸೆಯನ್ನೇ ಬೇಡವೆನ್ನುವ ಅತ್ತೆಯರೂ ಇದ್ದಾರೆ. ಇದು ದೊಡ್ಡ ಅನರ್ಥ. ಬಸುರಿಗೆ ಮಲೇರಿಯಾ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ, ಮತ್ತು ಅವಳಿಗೆ ತಕ್ಕ ಬೇರೆ ಔಷಧಗಳಿವೆ.

ಫಾಲ್ಸಿಪೇರಂ ಜಾತಿಯು ಇನ್ನೂ ಕ್ರೂರವಾದದ್ದು. ಮೆದುಳಿಗೇರಿ ಪ್ರಾಣವನ್ನು ಕೊಳ್ಳಬಲ್ಲದು. ಕ್ಲೋರೋಕ್ವಿನ್ ಇದರ ಮುಂದೆ ಸೋತಿದೆ. ಈಗ ಆರ್ಟಿಮಿಸಿನಿನ್ ಜಾತಿಯ ಔಷಧಕ್ಕೆ ಇನ್ನೊಂದನ್ನು ಕೂಡಿಸಿ ಮೂರು ದಿನ ಕೊಡುತ್ತಾರೆ. ಸರಕಾರದ ಕಟ್ಟುಗಳಲ್ಲಿ ವಯಸ್ಸಿಗೊಂದು ಬಣ್ಣವನ್ನು ಗೊತ್ತುಮಾಡಿದ್ದಾರೆ. ಒಂಟಿ ಆರ್ಟಿಮಿಸಿನಿನ್ ಗುಳಿಗೆಯನ್ನು ನಮ್ಮ ಸರಕಾರವು 2009ರಲ್ಲಿ ನಿಷೇಧಿಸಿತು. ಒಂದೇ ಔಷಧಕ್ಕೆ ಕ್ರಿಮಿಗಳು ಬೇಗನೆ ಪಳಗಿಬಿಡುತ್ತವೆಂಬುದೇ ಇದಕ್ಕೆ ಕಾರಣ. ಆದುದರಿಂದ ಜೋಡಿಯಲ್ಲಿ ಒಂದನ್ನು ನುಂಗಿ ಇನ್ನೊಂದನ್ನು ಉಳಿಸುವ ಜಾಣತನವು ಯಾರಿಗೂ ಬೇಡ. ರೋಗಿಗೆ ಎಚ್ಚರ ತಪ್ಪಿದರೆ, ಸೆಳವು ಬಂದರೆ, ನುಂಗಿದ್ದೆಲ್ಲವೂ ವಾಂತಿಯಾಗುತ್ತಿದ್ದರೆ ಗುಳಿಗೆಯ ಕಾಲವು ಮುಗಿಯಿತೆಂದೇ ತಿಳಿದು ದೊಡ್ಡ ದವಾಖಾನೆಗೆ ಒಯ್ಯಬೇಕು.

ಇನ್ನು ಪ್ರಮಾಣದ ವಿಷಯ. ಕಟ್ಟಿನ ಮೇಲೆ 250 ಮಿಲಿಗ್ರಾಮು ಎಂದು ಅಚ್ಚಾಗಿರುವ ಕ್ಲೋರೋಕ್ವಿನ್ ಫಾಸ್ಫೇಟ್ ಗುಳಿಗೆಯಲ್ಲಿ ಮೂಲ ಔಷಧವು 150 ಮಿಲಿಗ್ರಾಮು ಮಾತ್ರ. ವೈದ್ಯರು ಒಂದು ಲೆಕ್ಕದಿಂದ ಹೇಳಿದ್ದನ್ನು ಮನೆಯವರು ಇನ್ನೊಂದು ಲೆಕ್ಕದಿಂದ ಎಣಿಸಿದರೆ ಹೆಚ್ಚು ಕಡಿಮೆಯಾಗುವದು ಖಂಡಿತ. ಆದುದರಿಂದ ಎಷ್ಟು ಮಿಲಿಗ್ರಾಮು ಎಂದಲ್ಲ, ಯಾವ ದಿನಕ್ಕೆ ಎಷ್ಟು ಗುಳಿಗೆ ಎಂದೇ ಕೇಳಿ ಬರೆಯಿಸಿಕೊಳ್ಳಬೇಕು. ಮಕ್ಕಳ ಪ್ರಮಾಣವನ್ನು ತೂಕ ಮತ್ತು ವಯಸ್ಸಿನ ಮೇಲಿಂದ ಗೊತ್ತುಮಾಡುತ್ತಾರೆ. ಕ್ಲೋರೋಕ್ವಿನ್ ಮಿತಿಮೀರಿದರೆ ಹೃದಯವೇ ನಿಂತುಹೋಗಬಹುದು. ಸಣ್ಣ ಕೂಸಿಗಂತೂ ಒಂದೆರಡು ಗುಳಿಗೆಗಳೇ ಮಾರಕವಾಗಬಲ್ಲವು. ಅವನ್ನು ಕೈಗೆಟುಕುವ ಗೂಡಿನಲ್ಲಿಡುವದು ಇಲಿಪಾಷಾಣವನ್ನು ಇಟ್ಟಷ್ಟೇ ತಪ್ಪು. ಈ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ನುಂಗಬಾರದು; ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಕೊಟ್ಟವರನ್ನು ಕೇಳಿ ಆ ಹೊತ್ತಿನದನ್ನು ಮತ್ತೆ ತೆಗೆದುಕೊಳ್ಳಬೇಕು.

ರಕ್ತಪರೀಕ್ಷೆಯಿಲ್ಲದೆ ಗುಳಿಗೆ ನುಂಗುವ ಚಟವು ನಮ್ಮ ಪಟ್ಟಣಿಗರಲ್ಲಿಯೇ ಹೆಚ್ಚು. ಡೆಂಗಿಯೂ ಇಲಿಜ್ವರವೂ ಮಲೆನಾಡಿನ ಮಂಗನಕಾಯಿಲೆಯೂ ಮೊದಲ ದಿನಗಳಲ್ಲಿ ಇದರಂತೆಯೇ ತೋರುವವು. 2020ರಲ್ಲಿ ಕೊರೋನಾದ ಭಯದಿಂದ ಜನರು ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಗಾಗಿ ಅಂಗಡಿಗಳಿಗೆ ಮುತ್ತಿದ್ದನ್ನು ಓದುಗರು ಮರೆತಿರಲಾರರು. ಆ ರೋಗಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ಅದೇ ವರ್ಷ ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿತು. ಸಂಧಿವಾತದ ರೋಗಿಗಳು ಮಾತ್ರ ತಮಗೆ ಬೇಕಾದ ಔಷಧಕ್ಕೆ ಪರದಾಡಿದರು.

ಕೊನೆಗೆ ನಮ್ಮ ತಕರಾರು ಒಂದುಂಟು. ಗುಳಿಗೆಯ ಕಟ್ಟಿನ ಮೇಲಿನ ಅಕ್ಷರಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ, ಅದೂ ಎಳ್ಳುಕಾಳಿನಷ್ಟು ಸಣ್ಣವು. ನುಂಗುವವನು ಕನ್ನಡಿಗ, ಎಚ್ಚರಿಕೆಯ ಮಾತು ಅವನಿಗೆ ತಿಳಿಯದ ಭಾಷೆಯಲ್ಲಿ! ಹದಿನಾಲ್ಕು ಮನೆಗಳ ಒಂದು ಚೀಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ದಿನಕ್ಕೊಂದು ಮನೆಗೆ ಗೆರೆ ಎಳೆಯುವಂತೆ ಮಾಡಿ, ಕೆಳಗೆ ಕಪ್ಪುಮೂತ್ರದ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಸೇರಿಸಿ, ಪ್ರಿಮಾಕ್ವಿನ್ ಕೊಡುವಾಗಲೆಲ್ಲ ಕೊಡಲು ಆರೋಗ್ಯ ಇಲಾಖೆಗೆ ಎಷ್ಟು ವೆಚ್ಚ ಬಂದೀತು? ಅಲ್ಲಿಯವರೆಗೆ ನಮ್ಮ ಶಿಕ್ಷಕ ಮಿತ್ರರು ಇಂಥದೊಂದು ಚೀಟಿಯನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸಿ ಮನೆಗೆ ಕಳಿಸಲಿ. ಯಾವ ಮನೆಯಲ್ಲಿ ಯಾರು ಎಷ್ಟನೆಯ ದಿನಕ್ಕೆ ಗುಳಿಗೆ ಬಿಟ್ಟರೆಂಬುದು ಮರುವಾರ ಆ ಮಕ್ಕಳ ಬಾಯಿಂದಲೇ ಅವರಿಗೆ ಗೊತ್ತಾಗುವದು.