ಎರಡನೇ ಸಲ ಮುಟ್ಟಿದ ಕೈ

ಡಿಸೆಂಬರ್ 31ರ ನಡುರಾತ್ರಿ ಆರಾಧನೆ ಮುಗಿದು ಜನ ಹೊಸ ವರ್ಷದ ಶುಭಾಶಯ ಹೇಳಿಕೊಳ್ಳುವ ಹೊತ್ತಿಗೆ ನಮ್ಮ ಚರ್ಚುಗಳ ಗಾಯಕವೃಂದದಿಂದ ‘ಅಮೇಜಿಂಗ್ ಗ್ರೇಸ್’ ಕೇಳಿಬರುವುದುಂಟು. ಆ ಹಾಡು ಹುಟ್ಟಿದ್ದೂ ಹೊಸ ವರ್ಷಕ್ಕೆಂದೇ. ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನ ಪಾದ್ರಿ ಜಾನ್ ನ್ಯೂಟನ್ 1773ರ ಜನವರಿ 1ರ ತನ್ನ ಪ್ರಸಂಗಕ್ಕೆ ಹೊಂದುವಂತೆ ಅದನ್ನು ಬರೆದ. ಅಂದು ಅವನು ಆರಿಸಿಕೊಂಡಿದ್ದು ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 17ನೇ ಅಧ್ಯಾಯ. ದಾವೀದ ಅರಸ ದೇವರ ಸನ್ನಿಧಿಯಲ್ಲಿ ಕೂತು, ನಾನು ಎಷ್ಟರವನೆಂದು ನನ್ನನ್ನು ಇಲ್ಲಿಯತನಕ ಕರೆತಂದೆ ಎಂದು ಬೆರಗಾಗುವ ಜಾಗ ಅದು.

ನ್ಯೂಟನ್ನನ ಕಥೆಯನ್ನು ಪ್ರಸಂಗಗಳಲ್ಲಿ ಹೇಳುವ ಧಾಟಿ ಹೆಚ್ಚುಕಡಿಮೆ ಒಂದೇ. ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ, ಬಿರುಗಾಳಿಗೆ ಸಿಕ್ಕ, ದೇವರನ್ನು ಕೂಗಿದ, ವ್ಯಾಪಾರ ಬಿಟ್ಟ, ಹಾಡು ಬರೆದ. ಕೇಳಲು ಹಿತವಾಗಿದೆ. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾತ್ರ ಕಥೆ ನಿಲ್ಲುವುದಿಲ್ಲ.

ಬಿರುಗಾಳಿ ಬೀಸಿದ್ದು 1748ರ ಮಾರ್ಚ್‌ನಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ. ಆಗ ಅವನಿಗೆ 22 ವರ್ಷ, ಕಪ್ತಾನನಾಗಿರಲಿಲ್ಲ. ‘ಗ್ರೇಹೌಂಡ್’ ಎಂಬ ಸರಕು ಹಡಗಿನಲ್ಲಿ ಆಫ್ರಿಕಾದ ಕಡೆಯಿಂದ ಊರಿಗೆ ಮರಳುತ್ತಿದ್ದ. ಹಡಗು ಒಡೆದು ನೀರು ನುಗ್ಗಿತು. ನೀರು ಹೊರಹಾಕಲು ಪಂಪು ಒತ್ತಿ ಒತ್ತಿ ಸೋತು, ಆಮೇಲೆ ಗಂಟೆಗಟ್ಟಲೆ ಚುಕ್ಕಾಣಿ ಹಿಡಿದು ನಿಂತವನ ಬಾಯಲ್ಲಿ, ಬೈಗುಳಕ್ಕೆ ಹೆಸರಾದ ಆ ಬಾಯಲ್ಲಿ, ಪ್ರಾರ್ಥನೆ ಬಂತು. ಆ ದಿನವನ್ನು ಅವನು ಆಮೇಲೆ ಬದುಕಿನುದ್ದಕ್ಕೂ ವರ್ಷವರ್ಷವೂ ನೆನೆದ.

ಕಪ್ತಾನನಾಗಿ ಗುಲಾಮರನ್ನು ಸಾಗಿಸಿದ್ದು ಇದೆಲ್ಲ ಆದ ಮೇಲೆ, 1750ರಿಂದ 1754ರ ನಡುವಿನ ಮೂರು ಯಾನಗಳಲ್ಲಿ. ಭಾನುವಾರ ಬಂದರೆ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಡಗಿನ ಒಡಲಲ್ಲಿ ಮನುಷ್ಯರು ಸರಪಳಿ ಬಿಗಿಸಿಕೊಂಡು ಮಲಗಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳುಗಳನ್ನು ತಿರುಪಿನಲ್ಲಿ ಹಿಂಡಿಸಿ ಬಾಯಿ ಬಿಡಿಸಲು ನೋಡಿದ್ದನ್ನು ಅವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕೊನೆಗೆ ಕಡಲು ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ. 1754ರಲ್ಲಿ ಮತ್ತೆ ಹೊರಡಬೇಕೆನ್ನುವಾಗ ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಕೆಲಸಕ್ಕೆ ಸೇರಿದ, 1764ರಲ್ಲಿ ಪಾದ್ರಿಯಾದ. ಗುಲಾಮರ ವ್ಯಾಪಾರದ ವಿರುದ್ಧ ಅವನ ಕಿರುಪುಸ್ತಕ ಹೊರಬಂದದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ. ಕುರುಡು ಕಳೆದ ಸಂತಸವನ್ನು ಹಾಡಾಗಿಸಿದ ಮೇಲೂ 15 ವರ್ಷ.

ಕಪಟಿ ಎಂದುಬಿಡುವುದು ಸುಲಭ. ಆದರೆ ಅವನ ಪ್ರಾರ್ಥನೆ ನಾಟಕವಾಗಿರಲಿಲ್ಲ ಎಂದೇ ನನಗನ್ನಿಸುತ್ತದೆ, ಹೆದರಿಕೆ ಹುಟ್ಟಿಸುವುದೂ ಅದೇ. ಆ ದಿನಗಳಲ್ಲಿ ಈ ವ್ಯಾಪಾರ ಸರಿಯೋ ತಪ್ಪೋ ಎಂಬ ಅನುಮಾನವೇ ತನಗೆ ಬಂದಿರಲಿಲ್ಲ ಎಂದು ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಬೀಗ, ಬೇಡಿಗಳ ನಡುವಿನ ಈ ಜೈಲರನ ಉದ್ಯೋಗ ಬೇಸರ, ಬೇರೆ ಕೆಲಸ ಕೊಡು ಎಂದು ದೇವರನ್ನು ಬೇಡುತ್ತಿದ್ದನಂತೆ. ಬೇಡಿಯೊಳಗಿದ್ದವರು ಏನು ಬೇಡುತ್ತಿದ್ದರೋ! ಇನ್ನೂ ವಿಚಿತ್ರವೆಂದರೆ, ಇವನೇ ಹರೆಯದಲ್ಲಿ ಆಫ್ರಿಕಾದ ತೀರದಲ್ಲಿ ಒಬ್ಬ ಗುಲಾಮ ವ್ಯಾಪಾರಿಯ ಕೈಕೆಳಗೆ ಉಪವಾಸ ಬಿದ್ದು, ಅವಮಾನ ಉಂಡು ಬದುಕಿದ್ದ. ತಾನು ಪಟ್ಟ ಪಾಡು ಇನ್ನೊಬ್ಬರ ಪಾಡನ್ನು ಕಾಣುವ ಕಣ್ಣು ಕೊಡುತ್ತದೆ ಎನ್ನುತ್ತೇವಲ್ಲ, ಇವನಿಗೆ ಕೊಡಲಿಲ್ಲ.

ಮಾರ್ಕನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನ ಪ್ರಸಂಗವಿದೆ. ಯೇಸು ಅವನನ್ನು ಕೈಹಿಡಿದು ಊರಾಚೆ ಕರೆದೊಯ್ದು, ಕಣ್ಣಿಗೆ ಉಗುಳು ಹಚ್ಚಿ ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸುತ್ತಾನೆ. ಮನುಷ್ಯರು ಕಾಣುತ್ತಿದ್ದಾರೆ, ಆದರೆ ನಡೆದಾಡುವ ಮರಗಳ ಹಾಗಿದ್ದಾರೆ ಎನ್ನುತ್ತಾನೆ ಅವನು. ಯೇಸು ಇನ್ನೊಮ್ಮೆ ಕೈಯಿಡಬೇಕಾಗುತ್ತದೆ. ಎರಡು ಹಂತದಲ್ಲಿ ನಡೆದ ಸ್ವಸ್ಥತೆ ನಾಲ್ಕು ಸುವಾರ್ತೆಗಳಲ್ಲಿ ಇದೊಂದೇ. ಮತ್ತಾಯ, ಲೂಕ ಇದನ್ನು ಹೇಳುವ ಗೋಜಿಗೇ ಹೋಗಿಲ್ಲ. ಇದರ ಬೆನ್ನಿಗೇ ಮಾರ್ಕ ಪೇತ್ರನನ್ನು ತಂದು ನಿಲ್ಲಿಸುತ್ತಾನೆ. ನೀನೇ ಕ್ರಿಸ್ತ ಎಂದು ಸರಿಯಾಗಿ ಗುರುತಿಸಿದ ಪೇತ್ರ, ಶಿಲುಬೆಯ ಮಾತು ಬಂದ ಕೂಡಲೇ ಅಡ್ಡಬಂದು, ಸೈತಾನನೆನಿಸಿಕೊಳ್ಳುವಷ್ಟು ಬೈಸಿಕೊಳ್ಳುತ್ತಾನೆ. ಅವನಿಗೂ ಕಂಡದ್ದು ಅರ್ಧವೇ.

ಕುರುಡನ ಪ್ರಾಮಾಣಿಕತೆ ನನಗೆ ಇಷ್ಟ. ಮೊದಲ ಸ್ಪರ್ಶಕ್ಕೇ ಎಲ್ಲ ಸರಿಹೋಯಿತು, ಸ್ತೋತ್ರ ಎಂದು ಹೇಳಿ ಮನೆಗೆ ಹೋಗಿಬಿಡಬಹುದಿತ್ತು. ನಮ್ಮ ಸಾಕ್ಷಿ ಕೂಟಗಳಲ್ಲಿ ಅಂಥದ್ದನ್ನೇ ಕೇಳಲು ಜನ ಕಾದಿರುತ್ತಾರೆ. ತಾರೀಕು, ಸಮಯ ಸಮೇತ.

ನಿಜವಾದ ನಿನ್ನನ್ನು ನಿನ್ನೊಳಗೇ ಹುಡುಕು ಎಂಬ ಉಪದೇಶ ಈಗ ರಿಟ್ರೀಟುಗಳಲ್ಲೂ ಕೇಳಿಸುತ್ತದೆ. ನ್ಯೂಟನ್ ಹಡಗಿನಲ್ಲಿ ಅದನ್ನೇ ಮಾಡುತ್ತಿದ್ದ. ಬೈಬಲ್ ಓದಿದ, ಏಕಾಂತದಲ್ಲಿ ಕೂತ, ತನ್ನ ಅಂತರಂಗವನ್ನು ದಿನವೂ ಶೋಧಿಸಿದ. ಒಳಗಿನಿಂದ ಬಂದ ಉತ್ತರ ನೆಮ್ಮದಿಯದೇ ಆಗಿತ್ತು. ಅವನಿಗೆ ಸಿಗದೇ ಉಳಿದ ‘ನಾನು’ ಇದ್ದದ್ದು ಒಳಗಲ್ಲ, ಹಲಗೆಯ ಕೆಳಗೆ, ಅವನು ಲೆಕ್ಕದ ಪುಸ್ತಕದಲ್ಲಿ ಸಂಖ್ಯೆಯಾಗಿ ಬರೆದುಕೊಂಡವರ ಮುಖಗಳಲ್ಲಿ. ಕ್ರಿಸ್ತನಲ್ಲಿ ಹೊಸ ಸೃಷ್ಟಿಯಾಗುವುದನ್ನು ಕೊರಿಂಥದವರಿಗೆ ಬರೆದು ತಿಳಿಸಿದ ಪೌಲನೂ ಯಾರನ್ನು ಹಿಂಸಿಸಿದ್ದನೋ ಅವರ ನಡುವೆಯೇ ಹೋಗಿ ನಿಲ್ಲಬೇಕಾಯಿತು.

ದೇವರ ತಾಳ್ಮೆಯನ್ನು ನಾವು ಹೊಗಳುತ್ತೇವೆ. ಹೊಗಳಬೇಕಾದದ್ದೇ. ಆದರೆ ಒಬ್ಬನ ಕಣ್ಣು ನಿಧಾನವಾಗಿ ತೆರೆಯುವಾಗ ಆ ನಿಧಾನದ ಬೆಲೆಯನ್ನು ಇನ್ಯಾರೋ ತೆತ್ತಿರುತ್ತಾರೆ. ಆ ಮೂರು ಯಾನಗಳಲ್ಲಿ ಸಾಗಿಹೋದವರಿಗೆ 1788ರ ಪುಸ್ತಕದಿಂದ ಏನೂ ದಕ್ಕಲಿಲ್ಲ. ಇದಕ್ಕೆ ದೇವಶಾಸ್ತ್ರದಲ್ಲಿ ಅಚ್ಚುಕಟ್ಟಾದ ಸಮಾಧಾನ ಇದ್ದರೆ ಅದನ್ನು ನಾನು ನಂಬಲಾರೆ.

1785ರ ಡಿಸೆಂಬರಿನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ 26ರ ಯುವ ಸಂಸದ ಗುಟ್ಟಾಗಿ ನ್ಯೂಟನ್ನನನ್ನು ಕಾಣಲು ಬಂದ. ಹೊಸದಾಗಿ ಭಕ್ತಿ ಹತ್ತಿತ್ತು, ರಾಜಕೀಯ ಬಿಡುವ ಯೋಚನೆಯಿತ್ತು. ಪಾದ್ರಿ ಬೇಡವೆಂದ, ಇದ್ದಲ್ಲೇ ಇರಲು ಹೇಳಿದ. ಆ ಸಂಸದನೇ ಮುಂದೆ ಸಂಸತ್ತಿನಲ್ಲಿ ಈ ವ್ಯಾಪಾರದ ವಿರುದ್ಧ ಇಪ್ಪತ್ತು ವರ್ಷ ಹೆಣಗಿದ. ನ್ಯೂಟನ್ 62ನೇ ವಯಸ್ಸಿನಲ್ಲಿ ಪುಸ್ತಕ ಬರೆದು, ತನ್ನ ತಪ್ಪೊಪ್ಪಿಗೆ ತಡವಾಗಿ ಬರುತ್ತಿದೆ ಎಂದು ಮೊದಲೇ ಹೇಳಿ, ಬೆಳಗಾಗುವಾಗ ಸತ್ತವರೂ ಬದುಕಿದ್ದವರೂ ಒಂದೇ ಬೇಡಿಯಲ್ಲಿ ಸಿಗುತ್ತಿದ್ದುದನ್ನೆಲ್ಲ ಬಯಲಿಗಿಟ್ಟ. ವಿಚಾರಣಾ ಸಮಿತಿಗಳ ಮುಂದೆ ಸಾಕ್ಷಿ ನುಡಿದ. 1807ರ ಮಾರ್ಚಿನಲ್ಲಿ ನಿಷೇಧದ ಕಾಯ್ದೆ ಬಂತು, ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಸಮಾಧಿಯ ಬರಹವನ್ನೂ ತಾನೇ ಸಿದ್ಧಮಾಡಿದ್ದ. ಒಮ್ಮೆ ನಂಬಿಕೆ ಇಲ್ಲದವನು, ದುರಾಚಾರಿ, ಆಫ್ರಿಕಾದಲ್ಲಿ ಗುಲಾಮರಿಗೇ ಆಳಾಗಿದ್ದವನು ಎಂದು ತನ್ನನ್ನು ಕರೆದುಕೊಂಡು, ಉಳಿಸಿ ಕ್ಷಮಿಸಿದ ಯೇಸುವಿನ ಕರುಣೆಯನ್ನು ಅದರಲ್ಲಿ ನೆನೆದಿದ್ದಾನೆ. ಕಪ್ತಾನನಾಗಿ ಗುಲಾಮರನ್ನು ಸಾಗಿಸಿ ಮಾರಿದ ಸಂಗತಿ ಮಾತ್ರ ಆ ಬರಹದಲ್ಲಿಲ್ಲ. ನಾಚಿಕೆಯೋ, ಪುಸ್ತಕದಲ್ಲಿ ಹೇಳಿಯಾಯಿತಲ್ಲ ಎಂಬ ಎಣಿಕೆಯೋ; ಅಥವಾ ಕೊನೆಯವರೆಗೂ ತಾನು ಪಟ್ಟ ಪಾಡೇ, ತಾನು ಕೊಟ್ಟ ಪಾಡಿಗಿಂತ ಅವನ ಕಣ್ಣಿಗೆ ಹತ್ತಿರವಾಗಿತ್ತೋ.